ಒಣಗಿಸಿದ ಮಣ್ಣಿನ ಉಸಿರು

ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ಅವಳಿಗಿದ್ದ ಹೆಸರು ಮಣ್ಣಕ್ಕ. ಎದುರಿಗೆ ಮೇಡಂ ಎನ್ನುವವರೂ ಬೆನ್ನ ಹಿಂದೆ ಮಣ್ಣಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಗೊತ್ತಿದ್ದೂ ಬೇಸರವಿರಲಿಲ್ಲ. ಹೆಸರಿಗೆ ತಕ್ಕ ಹಾಗೆ ಉಗುರಿನ ಸಂದಿಯಲ್ಲಿ ಯಾರದೋ ಹೊಲದ ಮಣ್ಣು ಸದಾ ಇರುತ್ತಿತ್ತು, ಊಟಕ್ಕೆ ಮೊದಲು ಬ್ರಷ್ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮಣ್ಣಿನ ವಿಷಯದಲ್ಲಿ ಸುಳ್ಳು ಹೇಳಿದರೆ ಮಾತ್ರ ಅವಳಿಗೆ ಎಲ್ಲಿಲ್ಲದ ಸಿಟ್ಟು. ಮರದ ನೆರಳಿನ ಒಳ್ಳೆಯ ಮಣ್ಣು ಕೆರೆದು ತಂದು ಇಡೀ ಹೊಲದ್ದು ಎನ್ನುವವರು, ತಿಪ್ಪೆಯ ಬುಡ ಅಗೆದು ತರುವ ಜಾಣರು, ಎಲ್ಲರನ್ನೂ ಬಾಗಿಲಲ್ಲೇ ಹಿಡಿದು ಝಾಡಿಸುತ್ತಿದ್ದಳು. "ಹೊಲ ನಿಮ್ಮದು, ಬೆಳೆ ನಿಮ್ಮದು. ನನಗೆ ಸುಳ್ಳು ಹೇಳಿ ಯಾರಿಗೆ ಟೋಪಿ ಹಾಕ್ತೀರಿ?" ಇಂಥವಳು ಒಂದು ಬಿತ್ತನೆ ಕಾಲ ಪೂರ್ತಿ ಬಾಯಿಗೆ ಬೀಗ ಹಾಕಿಕೊಂಡು ಕುಳಿತಳು ಎಂದರೆ ಅವಳನ್ನು ಬಲ್ಲವರು ನಂಬುವುದಿಲ್ಲ. ಆದರೆ ಕುಳಿತದ್ದು ನಿಜ.

ಅವಳಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಇಬ್ಬರದೂ ಅಕ್ಕಪಕ್ಕದ ಹೊಲ, ನಡುವೆ ಹುಲ್ಲು ಬೆಳೆದ ಒಂದು ಬದು. ಅಮ್ಮ ಗಟ್ಟಿಯಾಗಿದ್ದ ಕಾಲಕ್ಕೆ ಅದು ಒಂದೇ ಹೊಲ. ಪಾಲಾದ ಮೇಲೂ ಕೆಲವು ವರ್ಷ ಇಬ್ಬರೂ ಒಂದೇ ಅಂಗಡಿಯಿಂದ ರಾಸಾಯನಿಕ ಗೊಬ್ಬರದ ಮೂಟೆ ತಂದು, ಒಂದೇ ದಿನ ಮೆಕ್ಕೆಜೋಳ ಬಿತ್ತಿದವರು. ಆಮೇಲೊಂದು ಬೆಳಿಗ್ಗೆ ಉಳುತ್ತಿದ್ದ ಅಣ್ಣ ತಿರುಗಿ ನೋಡಿದ. ಟ್ರ್ಯಾಕ್ಟರಿನ ಹಿಂದೆ ಒಂದೇ ಒಂದು ಹಕ್ಕಿ ಇರಲಿಲ್ಲ. ಅವನ ಚಿಕ್ಕಂದಿನಲ್ಲಿ ಉಳುವವರ ಬೆನ್ನಿಗೆ ಹುಳ ಹೆಕ್ಕುವ ಹಕ್ಕಿಗಳ ಸಂತೆಯೇ ನೆರೆಯುತ್ತಿತ್ತು. ಅಣ್ಣ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ಉತ್ತ ಸಾಲಿನಲ್ಲಿ ಕೈಯಾಡಿಸಿದ. ಎಷ್ಟು ಕೆದಕಿದರೂ ಒಂದು ಎರೆಹುಳ ಸಿಗಲಿಲ್ಲ. ಅಂದಿನಿಂದ ಅವನು ಮೂಟೆ ಗೊಬ್ಬರ ಮುಟ್ಟಲಿಲ್ಲ. ಇದ್ದ ಎರಡರ ಜೊತೆಗೆ ಇನ್ನೂ ಮೂರು ಹಸು ಬಂದವು, ತಿಪ್ಪೆ ಬೆಳೆಯಿತು, ಮಾತೂ ಬೆಳೆಯಿತು.

"ನಮ್ಮಣ್ಣ ಹಕ್ಕಿಗೆ ಹುಳ ಸಾಕೋಕೆ ಹೊರಟಿದ್ದಾನೆ," ಎಂದು ತಮ್ಮ ಯಾರ ಮುಂದೆಯೋ ನಕ್ಕ. ಅದು ಬದು ದಾಟಿ ಅಣ್ಣನ ಕಿವಿಗೆ ಬಿತ್ತು. ಅಣ್ಣನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಅವನು ಅಮ್ಮನ ಮಣ್ಣನ್ನ ಕೊಲ್ತಿದ್ದಾನೆ," ಎಂದ. ಅದೂ ಬದು ದಾಟಿತು. ಮಾತುಗಳು ದಾಟುತ್ತಿದ್ದವು, ಮನುಷ್ಯರು ದಾಟುವುದು ನಿಂತು ಏಳು ವರ್ಷವಾಗಿತ್ತು.

ತಮ್ಮನ ಜೋಳ ಆಳೆತ್ತರ ಬೆಳೆಯುತ್ತಿತ್ತು. ಅಣ್ಣನದು ಅವನ ಹೆಗಲಿಗೆ ಬಂದರೆ ಹೆಚ್ಚು. ಹಾದಿಯಲ್ಲಿ ಹೋಗುವವರು ಎರಡನ್ನೂ ನೋಡಿ, ಅಣ್ಣನ ಮುಖವನ್ನೂ ನೋಡಿ, ಏನೂ ಹೇಳದೆ ಹೋಗುತ್ತಿದ್ದರು. ಹಾಗೆ ಹೇಳದೆ ಹೋಗುವುದೇ ಅವನನ್ನು ತಿನ್ನುತ್ತಿತ್ತು.

ಬಾಯಲ್ಲಿ ಎಷ್ಟೇ ನಕ್ಕರೂ ತಮ್ಮನ ಹೊಟ್ಟೆಯೊಳಗೂ ಒಂದು ಮುಳ್ಳಿತ್ತು. ಅಮ್ಮ ಕೊನೆಗಾಲಕ್ಕೆ ಅವನ ಮನೆಯಲ್ಲಿದ್ದಳು. ಒಂದು ದಿನ ಹಟ ಹಿಡಿದು ಅವನ ಕೈ ಹಿಡಿದುಕೊಂಡು ಹೊಲಕ್ಕೆ ಬಂದವಳು, ಕೂತು, ಒಂದು ಹಿಡಿ ಮಣ್ಣು ತೆಗೆದು ಮೂಸಿದಳು. ಮೂಸಿ ಕೆಳಗೆ ಹಾಕಿ, ಕೈ ಒರೆಸಿಕೊಂಡು, ಮನೆಗೆ ಹೋಗೋಣ ಎಂದಳು. "ಏನೂ ಅನ್ಲಿಲ್ಲ ಅಕ್ಕ. ಚೆನ್ನಾಗಿದೆ ಅನ್ಲಿಲ್ಲ, ಕೆಟ್ಟಿದೆ ಅನ್ಲಿಲ್ಲ," ಎಂದು ತಮ್ಮ ಆಮೇಲೆ ಮಣ್ಣಕ್ಕನಿಗೆ ಹೇಳಿದ್ದ. ಅದನ್ನು ಅವನು ಹೇಳಿದ್ದು ಒಂದೇ ಸಲ. ಒಂದೇ ಸಲ ಹೇಳಿದ್ದರಿಂದಲೇ ಅದು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅವಳಿಗೆ ತಿಳಿದಿತ್ತು.

ಆ ವರ್ಷ ಕಚೇರಿಗೆ ಹೊಸದೊಂದು ಪರೀಕ್ಷೆ ಬಂತು. ಮಣ್ಣಿನಲ್ಲಿ ಸಾರ ಎಷ್ಟು, ಉಪ್ಪು ಎಷ್ಟು ಎಂದು ನೋಡುವುದು ಹಳೆಯದು. ಇದು ಮಣ್ಣು ಎಷ್ಟು ಉಸಿರಾಡುತ್ತದೆ ಎಂದು ನೋಡುವ ಪರೀಕ್ಷೆ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟಿ ಜೀವ ಇರುತ್ತವಲ್ಲ, ಅವೂ ನಮ್ಮ ಹಾಗೆಯೇ ತಿಂದು ಉಸಿರು ಬಿಡುತ್ತವೆ. ಗಾಜಿನ ಜಾಡಿಯಲ್ಲಿ ಮಣ್ಣು ಹಾಕಿ, ಪಕ್ಕದಲ್ಲಿ ಆ ಉಸಿರನ್ನು ಹೀರಿಕೊಳ್ಳುವ ದ್ರಾವಣದ ಪುಟ್ಟ ಬಟ್ಟಲಿಟ್ಟು, ಬಿಗಿಯಾಗಿ ಮುಚ್ಚಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೆಲವು ದಿನ ಇಡಬೇಕು. ಆಮೇಲೆ ಬಟ್ಟಲಿಗೆ ಬಣ್ಣದ ಹನಿ ಹಾಕಿದರೆ ಗುಲಾಬಿಯಾಗುತ್ತದೆ. ಆ ಗುಲಾಬಿ ಮಾಯವಾಗುವವರೆಗೆ ಆಮ್ಲ ಬಿಡಬೇಕು. ಬೇಗ ಮಾಯವಾದರೆ ಮಣ್ಣು ಜೋರಾಗಿ ಉಸಿರಾಡಿದೆ ಎಂದು ಅರ್ಥ.

ಸುದ್ದಿ ತಿಳಿದ ಅಣ್ಣ ಮಾರನೆಯ ದಿನವೇ ಫೋನು ಮಾಡಿದ. "ಕಾಳು ತೂಗಿ ನೋಡೋರು ಬೇಕಾದಷ್ಟು ಜನ ಇದ್ದಾರೆ ತಂಗಿ. ಮಣ್ಣು ಬದುಕಿದ್ಯಾ ಸತ್ತಿದ್ಯಾ ಅಂತ ನೋಡೋದು ನೀನೊಬ್ಬಳೇ. ನನ್ನದೂ ನೋಡು, ಅವನದೂ ನೋಡು. ನಂದು ಸೋತ್ರೆ ನಾಳೆಯೇ ಮೂಟೆ ತರ್ತೀನಿ, ಆಣೆ."

ಅವಳು ತಮ್ಮನಿಗೂ ಫೋನು ಮಾಡಿದಳು. ಅವನು "ಆಗ್ಲಿ ಅಕ್ಕ," ಎಂದ. ಇಬ್ಬರಿಗೂ ಅವಳು ಒಂದೇ ಮಾತು ಹೇಳಿದ್ದಳು. ಮಣ್ಣನ್ನು ಹೊಲದಿಂದ ತೆಗೆದ ಹಾಗೆಯೇ ತರಬೇಕು, ಒಣಗಿಸಬಾರದು, ತಂಪಾಗಿ ಇಟ್ಟುಕೊಂಡು ಅದೇ ದಿನ ತಲುಪಿಸಬೇಕು. ತಮ್ಮ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ. ಅಣ್ಣ, "ಗೊತ್ತು ಗೊತ್ತು, ಎಷ್ಟು ವರ್ಷದಿಂದ ಮಣ್ಣು ಕೊಡ್ತಿದ್ದೀನಿ ನಿನಗೆ," ಎಂದು ಅರ್ಧ ಮಾತಿನಲ್ಲೇ ಫೋನು ಇಟ್ಟ.

ತಮ್ಮ ಐಸ್ ಪೆಟ್ಟಿಗೆಯಲ್ಲಿ ತಂದ. ಅಣ್ಣ ಸಂಜೆ ಹೊತ್ತಿಗೆ ಬಟ್ಟೆಯ ಚೀಲದಲ್ಲಿ ತಂದ. ಮುಟ್ಟಿದರೆ ಎರಡೂ ತೇವ. ಅಣ್ಣನ ಮಣ್ಣು ನುಣ್ಣಗಿತ್ತು, ಒಂದು ಕಲ್ಲಿಲ್ಲ, ಒಂದು ಕಡ್ಡಿಯಿಲ್ಲ. ಬೇರೆಯವರು ತಂದಿದ್ದರೆ ಮಣ್ಣಕ್ಕ ಅಷ್ಟಕ್ಕೇ ಹುಬ್ಬು ಗಂಟಿಕ್ಕಿ ನಾಲ್ಕು ಪ್ರಶ್ನೆ ಕೇಳುತ್ತಿದ್ದಳು. ಅಣ್ಣನನ್ನು ಕೇಳಲಿಲ್ಲ. ಅವಳು ಓದಲೆಂದು ತಾನು ಶಾಲೆ ಬಿಟ್ಟು ಹೊಲಕ್ಕಿಳಿದವನು ಅವನು. ಅವನು ಗೆಲ್ಲಲಿ ಎಂಬ ಆಸೆ ಅವಳಿಗಿತ್ತು. ಇದ್ದುದನ್ನು ಇಲ್ಲ ಎಂದು ನಾನೇಕೆ ಹೇಳಲಿ?

ಬಟ್ಟಲುಗಳನ್ನು ಹೊರತೆಗೆದ ದಿನ ತಮ್ಮನದಕ್ಕೆ ಹನಿ ಹನಿ ಬಿಟ್ಟು ಕೈ ಸೋತಿತು. ಅಣ್ಣನದರ ಗುಲಾಬಿ ನೋಡನೋಡುತ್ತಲೇ ಬೆಳ್ಳಗಾಯಿತು. ಅವಳು ಲೆಕ್ಕ ಹಾಕಿದಳು. ಅಣ್ಣನ ಮಣ್ಣು ತಮ್ಮನದರ ಎರಡರಷ್ಟು ಉಸಿರಾಡಿತ್ತು. ಎರಡರಷ್ಟು ಎಂದರೆ ಅತಿಯಾಯಿತು ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಅವಳು ಆ ಮೂಲೆಯ ಕಡೆ ತಿರುಗಲಿಲ್ಲ.

ವಾರದ ರಜೆಯಲ್ಲಿ ಅಣ್ಣನ ಮನೆಗೆ ಹೋದಳು. ತಮ್ಮನನ್ನೂ ಬರಹೇಳಿದ್ದಳು. ಏಳು ವರ್ಷದ ಮೇಲೆ ಅವನು ಆ ಜಗುಲಿ ಹತ್ತಿ, ಎಲ್ಲಿ ಕೂರಬೇಕೆಂದು ತಿಳಿಯದೆ ಕಂಬಕ್ಕೆ ಒರಗಿ ನಿಂತ. ಅತ್ತಿಗೆ ಟೀ ತಂದಳು. ಮಣ್ಣಕ್ಕ ಪರೀಕ್ಷೆಯ ಫಲಿತಾಂಶ ಹೇಳಿದಳು.

ಅಣ್ಣ ಟೀ ಲೋಟ ಕೆಳಗಿಟ್ಟು ಎದ್ದು ನಿಂತ, ಮತ್ತೆ ಕೂತ. ಅವನ ಕಣ್ಣು ತುಂಬಿತ್ತು. ಹೀಯಾಳಿಸುತ್ತಾನೆ ಎಂದುಕೊಂಡಿದ್ದಳು, ಆದರೆ ಅವನು ತಮ್ಮನ ಕಡೆ ನೋಡಲೂ ಇಲ್ಲ. ತಮ್ಮನ ಮುಖ ಮಾತ್ರ ಸಣ್ಣದಾಯಿತು.

"ಹಾಗಾದ್ರೆ ಅಮ್ಮ ಮೂಸಿ ನೋಡಿದ್ದು ಇದೇನಾ?" ಎಂದ. "ಈ ಸಲದಿಂದ ಮೂಟೆ ಹಾಕಲ್ಲ. ತಂದಿಟ್ಟದ್ದನ್ನೂ ವಾಪಸ್ ಕೊಡ್ತೀನಿ. ಅಣ್ಣ, ನಾನೇ ಸರಿ ಅಂತ ಬಹಳ ಮೆರೆದೆ. ಏನೂ ಅಂದ್ಕೋಬೇಡ."

ಟೀ ಮುಟ್ಟದೆ ಅವನು ಇಳಿದು ಹೋದ. ಜಗುಲಿಯಿಂದ ನೋಡಿದರೆ ಹೊಲ ಕಾಣುತ್ತದೆ. ಅವನು ತಲೆ ತಗ್ಗಿಸಿ ಅಣ್ಣನ ಹೊಲದ ಅಂಚಿನಲ್ಲಿ ಬದುವಿನ ಕಡೆ ನಡೆದಿದ್ದ.

ಆಗ ಅತ್ತಿಗೆ ಸಂತೋಷ ತಡೆಯಲಾರದೆ ನಕ್ಕಳು. "ನಿಮ್ಮಣ್ಣನ ಪಾಡು ನೀನು ನೋಡಬೇಕಿತ್ತು! ಎರಡು ದಿನ ಆ ಮಣ್ಣನ್ನ ನೆರಳಲ್ಲಿ ಹರಡಿ, ಒಣಗಿಸಿ, ಜರಡಿ ಹಿಡಿದು, ಮದುವೆ ಹೆಣ್ಣಿನ ಹಾಗೆ ಸಿದ್ಧ ಮಾಡಿದ್ರು. ಆಮೇಲೆ ನಿನ್ನ ತಮ್ಮ ಹಸಿ ಮಣ್ಣು ತಗೊಂಡು ಹೋದ ಅಂತ ಗೊತ್ತಾಯ್ತಲ್ಲ, ಗಾಬರಿ ಬಿದ್ದು ಚೊಂಬಿನಿಂದ ನೀರು ಚಿಮುಕಿಸಿ ಚಿಮುಕಿಸಿ ಮತ್ತೆ ಹಸಿ ಮಾಡಿದ್ರು. ನನ್ನ ಮಣ್ಣು ಕಡಿಮೆ ಬೀಳಬಾರದು ಅಂತ!"

"ಹಳೇ ಪರೀಕ್ಷೆಗೆ ಒಣಗಿಸೇ ತಾನೇ ಕೊಡ್ತಿದ್ದದ್ದು," ಎಂದ ಅಣ್ಣ ನಾಚಿಕೊಂಡು. "ಏನು ಮಾಡಿದ್ರೇನು, ಗೆದ್ದಿತಲ್ಲ."

ಆ ಎರಡರಷ್ಟು ಎಲ್ಲಿಂದ ಬಂತೆಂದು ಮಣ್ಣಕ್ಕನಿಗೆ ಆಗ ಗೊತ್ತಾಯಿತು. ಒಣಗಿಸಿದ ಮಣ್ಣಿನಲ್ಲಿ ಅರ್ಧ ಜೀವಗಳು ಸಾಯುತ್ತವೆ. ಮತ್ತೆ ನೀರು ಬಿದ್ದಾಗ ಉಳಿದವು ಎದ್ದು ಆ ಸತ್ತವನ್ನೇ ತಿನ್ನತೊಡಗುತ್ತವೆ. ತಿಂದು ತಿಂದು ಬುಸುಬುಸು ಉಸಿರು ಬಿಡುತ್ತವೆ. ಅಂಥ ಮಣ್ಣು ಇರುವುದಕ್ಕಿಂತ ಎಷ್ಟೋ ಹೆಚ್ಚು ಉಸಿರಾಡಿದಂತೆ ಕಾಣುತ್ತದೆ. ಅವಳು ಗೆಲುವೆಂದು ಹೊತ್ತು ತಂದದ್ದು ಒಂದು ಸಾಮೂಹಿಕ ಸಾವಿನ ಉಸಿರನ್ನು.

ತಮ್ಮ ಇನ್ನೂ ಬದು ದಾಟಿರಲಿಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ. ಅವಳು ಬಾಯಿ ತೆರೆದಳು ಕೂಡ. ಪಕ್ಕದಲ್ಲಿ ಅಣ್ಣ ಏಳು ವರ್ಷದಲ್ಲಿ ಮೊದಲ ಸಲ ಹಗುರಾಗಿ ಕೂತಿದ್ದ, ತಮ್ಮ ಬಿಟ್ಟು ಹೋದ ಟೀಯನ್ನೂ ಕುಡಿಯುತ್ತಿದ್ದ. ಮೊದಲು ಇನ್ನೊಮ್ಮೆ ಪರೀಕ್ಷೆ ಮಾಡಿ ಖಾತ್ರಿಯಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಎಷ್ಟು ಸಭ್ಯವಾದ ನೆಪ! ಕೆಲಸ ಗೊತ್ತಿದ್ದವರಿಗೆ ನೆಪಗಳೂ ಸಭ್ಯವಾಗಿಯೇ ಹೊಳೆಯುತ್ತವೆ.

ಮುಂದಿನ ವಾರ ತಾನೇ ಹೋಗಿ ಎರಡೂ ಹೊಲದಿಂದ ಮಣ್ಣು ತೆಗೆಯಬೇಕೆಂದಿದ್ದಳು. ಬೆಚ್ಚಗಿನ ಪೆಟ್ಟಿಗೆ ಕೆಟ್ಟು ಕೂತಿತು. ಅದು ರಿಪೇರಿಯಾಗುವ ಹೊತ್ತಿಗೆ ಮಳೆ ಹಿಡಿಯಿತು. ಮಳೆ ಬಂದ ಮೇಲೆ ಬಿತ್ತನೆ ಯಾರಿಗೂ ಕಾಯುವುದಿಲ್ಲ. ಅವಳು ತಮ್ಮನಿಗೆ ಫೋನು ಮಾಡಿ, "ಒಂದೇ ಸಲ ಪೂರ್ತಿ ಬಿಡಬೇಡ ಕಣೋ, ಈ ಬೆಳೆಗೆ ಸ್ವಲ್ಪ ಯೂರಿಯಾ ಹಾಕು," ಎಂದಳು. ಯಾಕೆ ಎಂದು ಹೇಳಲಿಲ್ಲ.

"ಬೇಡ ಅಕ್ಕ. ಕೊಂದಿದ್ದು ಸಾಕು," ಎಂದ ತಮ್ಮ. "ಅಣ್ಣ ತನ್ನ ತಿಪ್ಪೆಯಲ್ಲಿ ಅರ್ಧ ನನಗೆ ಕೊಟ್ಟಿದ್ದಾನೆ, ಗೊತ್ತಾ? ತಾನೇ ಗಾಡಿಯಲ್ಲಿ ತಂದು ಹಾಕಿದ."

ಗೊತ್ತಿತ್ತು. ಅಣ್ಣ ದಿನಾ ಬದು ದಾಟುತ್ತಿದ್ದ. ತಮ್ಮನ ಹೊಲದಲ್ಲಿ ಕೂತು ಗೊಬ್ಬರ ಹೇಗೆ ಹರಡಬೇಕು, ಹೇಗೆ ಮುಚ್ಚಬೇಕು ಎಂದು ಪಾಠ ಹೇಳುತ್ತಿದ್ದ, ತಮ್ಮ ಹ್ಞೂಂ ಹ್ಞೂಂ ಎನ್ನುತ್ತಿದ್ದ. ಅತ್ತಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳುವಾಗ ಮಣ್ಣಕ್ಕ ಏನೋ ನೆಪ ಹೇಳಿ ಫೋನು ಇಟ್ಟುಬಿಡುತ್ತಿದ್ದಳು. ಅಮ್ಮ ಬದುಕಿದ್ದಾಗ ಕಣ್ಣೀರು ಹಾಕಿದರೂ ಆಗದ ಕೆಲಸ ಒಂದು ತಪ್ಪು ಲೆಕ್ಕದಿಂದ ಆಗಿತ್ತು. ಅದನ್ನು ಒಡೆಯುವ ಕೈ ತನ್ನದಾಗಬೇಕೇ? ಐದು ಹಸುವಿನ ಗೊಬ್ಬರ ಒಂದು ಹೊಲಕ್ಕೇ ಅಷ್ಟಕ್ಕಷ್ಟೆ, ಎರಡಕ್ಕೆ ಹರಡಿದರೆ ಎರಡರಲ್ಲೂ ಬೆಳೆ ಹಸಿದಿರುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂಟೆಯ ಸಾರ ಉಂಡೇ ಅಭ್ಯಾಸವಾದ ಹೊಲಕ್ಕೆ ಅದು ಒಮ್ಮೆಲೇ ನಿಂತರೆ, ಮಣ್ಣಿನ ಜೀವಗಳು ಆ ಕೆಲಸ ಕಲಿತುಕೊಳ್ಳಲು ವರ್ಷಗಳೇ ಬೇಕು. ಅಷ್ಟೆಲ್ಲ ತಿಳಿದವಳು ಕಚೇರಿಯಲ್ಲಿ ಕಂಡವರ ಮೇಲೆ ರೇಗುತ್ತ, ಜಾಡಿಗಳನ್ನು ತೊಳೆದದ್ದನ್ನೇ ತೊಳೆಯುತ್ತ ದಿನ ನೂಕಿದಳು.

ಕೊನೆಗೂ ಒಂದು ಬೆಳಿಗ್ಗೆ ತಾನೇ ಹೋಗಿ, ಎರಡೂ ಕಡೆ ಗೊಬ್ಬರ ಬೀಳದ ಮೂಲೆಗಳನ್ನು ಹುಡುಕಿ ಮಣ್ಣು ತೆಗೆದಳು. ಅಭ್ಯಾಸಬಲದಿಂದ ಬದುವಿನದೂ ಒಂದು ಹಿಡಿ ತೆಗೆದಳು. ಈ ಸಲ ಲೆಕ್ಕದಲ್ಲಿ ಕೂದಲಷ್ಟೂ ಸಂಶಯ ಉಳಿಯಲಿಲ್ಲ. ಅಣ್ಣನ ಮಣ್ಣು ತಮ್ಮನದಕ್ಕಿಂತ ಹೆಚ್ಚು ಉಸಿರಾಡಿತ್ತು, ಆದರೆ ಕಾಲು ಭಾಗ ಹೆಚ್ಚು ಅಷ್ಟೆ. ಅಷ್ಟಾದರೂ ಅದು ಅಣ್ಣನ ನಿಜವಾದ ಗಳಿಕೆ. ತಮ್ಮನ ಮಣ್ಣು ಸತ್ತಿರಲಿಲ್ಲ. ಕೊಯ್ಲಾದ ಮೇಲೆ ದಂಟು ಸುಡದೆ ಕೊಚ್ಚಿ ಮಣ್ಣಿಗೆ ಸೇರಿಸುತ್ತಿದ್ದನಲ್ಲ, ಆ ಸೋಮಾರಿತನವೋ ಜಾಣತನವೋ ಅದನ್ನು ಬದುಕಿಸಿತ್ತು. ಇಬ್ಬರನ್ನೂ ಮೀರಿ ಉಸಿರಾಡಿದ್ದು ಯಾರೂ ಉಳದ, ಯಾರೂ ಏನೂ ಹಾಕದ, ಇಬ್ಬರೂ ಜಗಳಕ್ಕಷ್ಟೇ ಬಳಸಿದ ಬದು.

ಆ ಲೆಕ್ಕ ಹಿಡಿದು ಅವಳು ಮತ್ತೆ ಹೊಲಕ್ಕೆ ಹೋದಾಗ ತಮ್ಮ ಸಾಲುಗಳ ನಡುವೆ ನಿಂತಿದ್ದ. ಜೋಳ ಸೊಂಟದೆತ್ತರಕ್ಕೇ ನಿಂತಿತ್ತು. ಕೆಳಗಿನ ಎಲೆಗಳು ತುದಿಯಿಂದ ಒಳಕ್ಕೆ, ನಡುನರದ ಗುಂಟ ಹಳದಿಯಾಗಿದ್ದವು. ಆ ಹಳದಿ ಅವಳಿಗೆ ಗೊತ್ತು, ಅದು ಹಸಿವು. ಬದುವಿನ ಆಚೆ ಅಣ್ಣನ ಜೋಳವೂ ಎಂದಿನಂತಿರದೆ ಬಿಳಿಚಿಕೊಂಡಿತ್ತು.

"ಮಣ್ಣು ಸುಧಾರಿಸ್ಕೊಳ್ಳೋವರೆಗೆ ಹೀಗೇ ಇರುತ್ತೆ ಅಂತ ಅಣ್ಣ ಹೇಳ್ದ," ಎಂದ ತಮ್ಮ. ಅವನ ಗಡ್ಡ ಬೆಳೆದಿತ್ತು. "ಶಿಕ್ಷೆ ಅಂದ್ರೆ ಅನುಭವಿಸ್ಬೇಕು ತಾನೇ."

"ಶಿಕ್ಷೆ ಅಲ್ಲ ಕಣೋ," ಎಂದಳು ಮಣ್ಣಕ್ಕ. "ನಿನ್ನ ಮಣ್ಣು ಸತ್ತಿಲ್ಲ. ಯಾವತ್ತೂ ಸತ್ತಿರಲಿಲ್ಲ." ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅಣ್ಣ ಒಣಗಿಸಿದ್ದು, ನೀರು ಚಿಮುಕಿಸಿದ್ದು, ಆ ಎರಡರಷ್ಟು ಎಂಬುದು ಏನಾಗಿತ್ತು ಎಂಬುದು, ಹೊಸ ಪರೀಕ್ಷೆ, ಕಾಲು ಭಾಗ.

ತಮ್ಮ ಅವಳ ಬಾಯನ್ನೇ ನೋಡುತ್ತ ಕೇಳಿಸಿಕೊಂಡ. "ಸತ್ಯವಾಗ್ಲೂ? ನಾನು ಕೊಂದಿಲ್ವಾ?"

"ಇಲ್ಲ."

ಅವನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಒಂದು ಹಿಡಿ ಮಣ್ಣು ತೆಗೆದು ಮೂಸಿದ. ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುವುದನ್ನು ನೋಡಿ ಮಣ್ಣಕ್ಕನಿಗೂ ಅಳು ಬಂತು, ಸದ್ಯ ಮುಗಿಯಿತು ಎನ್ನಿಸಿತು. ಅವನು ಮುಖ ಒರೆಸಿಕೊಂಡು ಎದ್ದಾಗ ಕಣ್ಣು ಬೇರೆಯಾಗಿತ್ತು.

"ಈಗ ಯೂರಿಯಾ ಕೊಟ್ರೆ?"

"ಸ್ವಲ್ಪ ಚೇತರಿಸ್ಕೊಳ್ಳುತ್ತೆ. ಪೂರ್ತಿ ಬರಲ್ಲ."

"ಅಣ್ಣ ಒಣಗಿಸಿದ್ದು ನಿನಗೆ ಯಾವಾಗ ಗೊತ್ತಾಯ್ತು?"

ಇಷ್ಟು ದಿನ ಅವಳು ಎಲ್ಲ ಪ್ರಶ್ನೆಗೂ ಉತ್ತರ ಸಿದ್ಧ ಮಾಡಿಕೊಂಡಿದ್ದಳು, ಇದೊಂದನ್ನು ಬಿಟ್ಟು. ನಿನ್ನೆ ಎನ್ನಬಹುದಿತ್ತು. ಮೊನ್ನೆ ಎನ್ನಬಹುದಿತ್ತು. ಅತ್ತಿಗೆಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ?

"ಅವತ್ತೇ," ಎಂದಳು. "ಅಣ್ಣನ ಜಗುಲಿಯಲ್ಲೇ. ನೀನಿನ್ನೂ ಬದು ದಾಟಿರಲಿಲ್ಲ."

ತಮ್ಮ ತಿರುಗಿ ಬದುವನ್ನು ನೋಡಿದ, ಅದರಾಚೆ ಅಣ್ಣನ ಮನೆಯನ್ನು ನೋಡಿದ. ನಡುವಿನ ದೂರವನ್ನು ಕಣ್ಣಲ್ಲೇ ಅಳೆಯುತ್ತಿದ್ದ.

"ಕೂಗಿದ್ರೆ ಕೇಳಿಸ್ತಿತ್ತು," ಎಂದ.

"ಕೇಳಿಸ್ತಿತ್ತು."

"ಬೇರೆ ಯಾರದ್ದಾದ್ರೂ ಮಣ್ಣಾಗಿದ್ರೆ ಕೂಗಿರ್ತಿದ್ದೆ. ಅಲ್ವಾ ಅಕ್ಕ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳೂ ಒಂದೆರಡು ಮಾತು ಆಡುತ್ತಿದ್ದಳು, ಅಣ್ಣನ ಕಣ್ಣೀರಿನ ಮಾತು, ನೀವಿಬ್ಬರೂ ಒಂದಾದಿರಲ್ಲ ಎಂಬ ಮಾತು. ಅವನು ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದ. ಅದಕ್ಕೆ ಹೌದು ಎಂಬುದೊಂದೇ ಉತ್ತರ.

ಆಚೆಯಿಂದ ಯಾರೋ ಗುನುಗುವ ಸದ್ದು ಕೇಳಿಸಿತು. ಅಣ್ಣ ಬರುತ್ತಿದ್ದ. ತಲೆಯ ಮೇಲೆ ಗೊಬ್ಬರ ತುಂಬಿದ ಬುಟ್ಟಿ. ತನ್ನ ಬಿಳಿಚಿದ ಜೋಳದ ನಡುವೆಯೇ ದಾರಿ ಮಾಡಿಕೊಂಡು, ತಿಪ್ಪೆಯ ತಳ ಕೆರೆದು ಉಳಿದದ್ದನ್ನೂ ತಮ್ಮನಿಗೆಂದು ಹೊತ್ತು ತರುತ್ತಿದ್ದ. ತಂಗಿಯನ್ನು ಕಂಡು ದೂರದಿಂದಲೇ ನಕ್ಕ.

"ಅವನಿಗೆ ಗೊತ್ತಾ?" ಎಂದು ಕೇಳಿದ ತಮ್ಮ.

"ಇಲ್ಲ."

ತಮ್ಮ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತ. ಅಣ್ಣ ಬದುವಿನ ಹತ್ತಿರ ಬಂದು, ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಹತ್ತಲು ಕಾಲೆತ್ತಿದ.

"ಅಣ್ಣಾ," ಎಂದು ಮಣ್ಣಕ್ಕ ಕೂಗಿದಳು. "ಅಲ್ಲೇ ನಿಲ್ಲು. ಬುಟ್ಟಿ ಕೆಳಗಿಡು."